ಅಕ್ವೇರಿಯಂ ಕೆಳಗಿನ ಗೋಣಿತಟ್ಟು

ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ಯಾರ ಮನೆಗೇ ಹೋಗಿ, ಪಡಸಾಲೆಯಲ್ಲಿ ಗಾಜಿನ ಮೀನಿನ ತೊಟ್ಟಿ ಕಂಡರೆ ಮೊದಲು ಮೀನು ನೋಡಬೇಡಿ, ತೊಟ್ಟಿಯ ಕೆಳಗೆ ನೋಡಿ. ನಾಲ್ಕು ಮಡಿಕೆ ಮಾಡಿದ ಗೋಣಿತಟ್ಟೋ ಹಳೆಯ ಟವೆಲ್ಲೋ ಅಲ್ಲಿ ಹಾಸಿರುತ್ತದೆ. ಕೇಳಿದರೆ, "ಫಿಲ್ಟರ್ ಒಂದೀಟು ಸೋರತೈತ್ರಿ, ಏನೂ ಆಗಂಗಿಲ್ಲ" ಎನ್ನುತ್ತಾರೆ. ಆ ತಟ್ಟು ತಿಂಗಳುಗಟ್ಟಲೆ ಅಲ್ಲೇ ಇದ್ದು, ಟಿ.ವಿ. ಸ್ಟ್ಯಾಂಡಿನ ಹಾಗೆ ಮನೆಯ ಸಾಮಾನುಗಳಲ್ಲಿ ಒಂದಾಗಿಬಿಟ್ಟಿರುತ್ತದೆ.

ಒಂದೀಟು ಅಂದರೆ ಎಷ್ಟು? ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ 4 ಲೀಟರಿಗಿಂತ ಹೆಚ್ಚಾಯಿತು. ಅಷ್ಟು ನೀರು ಪ್ಲೈವುಡ್ಡಿನ ಸ್ಟ್ಯಾಂಡಿಗೆ ಇಳಿದರೆ ಅದು ಉಬ್ಬಿ ಪದರ ಬಿಡುತ್ತದೆ, ವೈರಿನ ಮೇಲೆ ಹರಿದರೆ ಸ್ವಿಚ್ ಬೋರ್ಡು ಸೇರುತ್ತದೆ. ಯಾರ ಮನೆಗೆ ಹೋದರೂ ಸೋರಿಕೆಯ ತಪ್ಪನ್ನು ಯಂತ್ರದ ಮೇಲೆ, ಅದನ್ನು ಮಾರಿದ ಅಂಗಡಿಯ ಮೇಲೆ ಹಾಕುವುದನ್ನೇ ಕೇಳಿದ್ದೇನೆ. ಹತ್ತಾರು ಫಿಲ್ಟರುಗಳನ್ನು ಬಿಚ್ಚಿ ಜೋಡಿಸಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ನಮ್ಮ ಭಾಗದಲ್ಲಿ ಫಿಲ್ಟರನ್ನು ಸೋರಿಸುವುದು ಸುಣ್ಣದ ನೀರು ಮತ್ತು ಹೋಗಿಬರುವ ಕರೆಂಟು. ಇವೆರಡರ ಜೊತೆ ಬಲವಾಗಿ ಬಿಗಿಯುವ ಕೈಯೊಂದು ಸೇರಿಕೊಂಡರೆ ಆ ಫಿಲ್ಟರಿನ ಕತೆ ಮುಗಿದಂತೆ.

ಅದಕ್ಕೂ ಮೊದಲು, ಸೋರಿಕೆ ಎನ್ನುವುದೆಲ್ಲ ಸೋರಿಕೆಯೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲೆ ಫ್ಯಾನು ತಿರುಗುತ್ತಿರುತ್ತದೆ, ತೊಟ್ಟಿಗೆ ಮುಚ್ಚಳ ಇರುವುದಿಲ್ಲ. ನೀರು ತಾನಾಗಿ ಆರಿ ಇಳಿಯುತ್ತದೆ. ಅನುಮಾನ ಬಂದರೆ ಒಂದು ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ತೊಟ್ಟಿಯ ಪಕ್ಕದಲ್ಲಿಡಿ. ಎರಡಕ್ಕೂ ಪೆನ್ನಿನಲ್ಲಿ ಗುರುತು ಹಾಕಿ ಎರಡು ದಿನ ಬಿಡಿ. ಎರಡೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ಫಿಲ್ಟರ್ ನಿರಪರಾಧಿ. ಗಾಳಿಯ ಗುಳ್ಳೆಗಳು ಒಡೆದು ಅಂಚಿನಾಚೆ ಸಿಡಿಯುವ ತುಂತುರು, ಹೊರಗೆ ಚಾಚಿಕೊಂಡ ಗಿಡದ ಎಲೆಯ ತುದಿಯಿಂದ ಇಳಿಯುವ ನೀರು, ಮುಚ್ಚಳದ ಕೆಳಗೆ ಬೆವರಿ ತೊಟ್ಟಿಕ್ಕುವುದು, ಇವನ್ನೂ ಸೋರಿಕೆ ಎಂದು ತಿಳಿದು ಒಳ್ಳೆಯ ಫಿಲ್ಟರನ್ನು ಬಿಚ್ಚಿ ಕೆಡಿಸಿದವರಿದ್ದಾರೆ. ನಾನೂ ಒಮ್ಮೆ ಬಿಚ್ಚಿದ್ದೆ.

ಮೀನಿನ ತೊಟ್ಟಿಯ ಹವ್ಯಾಸ ನಮ್ಮೂರಿಗೆ ಹೊಸದು, ಲೋಕಕ್ಕೆ ಹಳೆಯದು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಮೀನುಮನೆ ತೆರೆದದ್ದು 1853ರಲ್ಲಿ. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ತನ್ನ ಪುಸ್ತಕದ ಮೂಲಕ 'ಅಕ್ವೇರಿಯಂ' ಎಂಬ ಹೆಸರನ್ನು ಮನೆಮನೆಗೆ ಮುಟ್ಟಿಸಿದ. ಮುಂಬಯಿಯ ತಾರಾಪೊರವಾಲಾ ಅಕ್ವೇರಿಯಂ 1951ರಲ್ಲಿ ತೆರೆಯಿತು. ಆಗ ಜಮಖಂಡಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಈಗ ಚೆನ್ನೈನ ಕೊಳತ್ತೂರಿನಂಥ ಅಲಂಕಾರಿಕ ಮೀನಿನ ಕೇಂದ್ರಗಳಲ್ಲಿ ಸಾಕಿದ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಸಣ್ಣ ಊರುಗಳಿಗೂ ಬರುತ್ತದೆ. ಮೀನಿನ ಜೊತೆಗೇ ಫಿಲ್ಟರೂ ಬಂತು. ಅದರ ರಿಂಗು, ವಾಷರು, ಬಿಡಿಭಾಗ ಮಾತ್ರ ಬರಲಿಲ್ಲ. ಗೋಣಿತಟ್ಟಿನ ಹುಟ್ಟು ಅಲ್ಲಿಂದಲೇ.

ಎಲ್ಲಕ್ಕಿಂತ ಅಗ್ಗದ್ದು ಸ್ಪಂಜ್ ಫಿಲ್ಟರ್. ಒಳಗೆ ಒಂದು ಸ್ಪಂಜು, ಹೊರಗೆ ಗಾಳಿಯ ಪಂಪು, ನಡುವೆ ಸಣ್ಣ ನಳಿಕೆ. ಸೋರಲು ಇದರಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಆದರೂ ರಾತ್ರಿ ಮಲಗುವಾಗ ತುಂಬಿದ್ದ ತೊಟ್ಟಿ ಬೆಳಗ್ಗೆ ಅರ್ಧ ಖಾಲಿಯಾಗಿ ನೆಲವೆಲ್ಲ ನೀರಾಗುವುದು ಹೆಚ್ಚಾಗಿ ಈ ಬಡಪಾಯಿಯಿಂದಲೇ. ಕರೆಂಟು ಹೋದ ಕ್ಷಣ ಪಂಪಿನ ಗಾಳಿ ನಿಲ್ಲುತ್ತದೆ, ತೊಟ್ಟಿಯ ನೀರು ನಳಿಕೆಯೊಳಗೆ ಹಿಂದಕ್ಕೆ ಏರುತ್ತದೆ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಸೈಫನ್ ಹಿಡಿದು ಪಂಪಿನ ಮೂಲಕವೇ ನೀರು ಹೊರಗೆ ಹರಿಯುತ್ತದೆ. ಕರೆಂಟು ಮತ್ತೆ ಬಂದಾಗ ಆ ಪಂಪಿನ ಹೊಟ್ಟೆಯಲ್ಲಿ ನೀರಿರುತ್ತದೆ. ಮುಂದಿನದನ್ನು ಹೇಳಬೇಕಿಲ್ಲ. ಇದಕ್ಕೆ ಮದ್ದು ಎರಡು: ಪಂಪನ್ನು ತೊಟ್ಟಿಗಿಂತ ಮೇಲೆ ಒಂದು ಮೊಳೆಗೆ ತೂಗುಹಾಕುವುದು, ಇಲ್ಲವೇ ನಳಿಕೆಯ ನಡುವೆ ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಹಾಕುವುದು. ನನ್ನ ಮತ ಮೊಳೆಗೆ. ಚೆಕ್ ವಾಲ್ವಿನ ಬಾಯಲ್ಲಿ ಸುಣ್ಣದ ಒಂದು ಕಣ ಕೂತರೂ ಅದು ಪೂರ್ತಿ ಮುಚ್ಚುವುದಿಲ್ಲ. ಮೊಳೆಗೆ ಆ ರೋಗವಿಲ್ಲ.

ತೊಟ್ಟಿಯ ಅಂಚಿಗೆ ಹಿಂದಿನಿಂದ ತೂಗುಹಾಕುವ ಫಿಲ್ಟರಿನದು ಇನ್ನೊಂದು ಬಗೆ. ಇದರ ಹೊರಮೈಯಲ್ಲಿ ನೀರು ಇಳಿಯುತ್ತಿದ್ದರೆ ಹತ್ತರಲ್ಲಿ ಏಳೆಂಟು ಸಲ ಅದು ಬಿರುಕಲ್ಲ, ಒಳಗಿನ ಹತ್ತಿಯೋ ಸ್ಪಂಜೋ ಕೆಸರು ತುಂಬಿ ಕಟ್ಟಿಕೊಂಡಿರುತ್ತದೆ. ನೀರು ಹೋಗುವ ದಾರಿ ಮುಚ್ಚಿದಾಗ ಪೆಟ್ಟಿಗೆ ತುಂಬಿ ತುಳುಕುತ್ತದೆ. ಸ್ಪಂಜು ತೊಳೆದರೆ ಸೋರಿಕೆ ನಿಂತಿತು. ಎರಡನೆಯ ಕಾರಣ ಓರೆಯಾಗಿ ತೂಗಿರುವುದು. ರಬಕವಿ-ಬನಹಟ್ಟಿಯಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಸಂಸಾರ ಎಂಬಂಥ ಮನೆಗಳಿವೆ. ಅಲ್ಲಿ ದಿನವಿಡೀ ನೆಲ ಅದುರುತ್ತದೆ, ತೂಗಿದ ಪೆಟ್ಟಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದಕ್ಕೆ ವಾಲುತ್ತದೆ. ಪೆಟ್ಟಿಗೆ ಮತ್ತು ಗಾಜಿನ ನಡುವೆ ಒಂದು ರಬ್ಬರ್ ತುಂಡು ಇಟ್ಟರೆ ಸಾಕು. ಮೋಟರು ಪೆಟ್ಟಿಗೆಗೆ ಸೇರುವಲ್ಲಿ ಒಂದು ಸಣ್ಣ ರಿಂಗ್ ಇರುವ ಮಾದರಿಗಳಲ್ಲಿ ಮಾತ್ರ ನಿಜವಾದ ಸೋರಿಕೆ ಕಾಣುತ್ತದೆ. ಅಂಥ ರಿಂಗಿನ ಕತೆ ಮುಂದೆ ಬರುತ್ತದೆ.

ಈಗ ನಿಜವಾದ ಖಳನಾಯಕ, ತೊಟ್ಟಿಯ ಕೆಳಗೆ ಕಪಾಟಿನೊಳಗೆ ಕೂರುವ ಕ್ಯಾನಿಸ್ಟರ್. ಮುಚ್ಚಿದ ಡಬ್ಬಿ, ಮೇಲೆ ಮೋಟರಿನ ತಲೆ, ನಾಲ್ಕು ಕಡೆ ಕ್ಲಿಪ್ಪು, ಎರಡು ಪೈಪು. ಡಬ್ಬಿಗೂ ತಲೆಗೂ ನಡುವೆ ಒಂದು ದೊಡ್ಡ ರಬ್ಬರ್ ರಿಂಗ್. ಸೋರಿಕೆಯ ದೂರುಗಳಲ್ಲಿ ಹೆಚ್ಚಿನವು ಬಂದು ನಿಲ್ಲುವುದು ಈ ರಿಂಗಿನ ಬುಡಕ್ಕೆ.

ಓ-ರಿಂಗಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಡೆನ್ಮಾರ್ಕಿನಿಂದ ವಲಸೆ ಹೋದ ನೀಲ್ಸ್ ಕ್ರಿಸ್ಟೆನ್ಸನ್, 1939ರಲ್ಲಿ. ಅದರ ಗುಟ್ಟು ಸರಳ. ರಿಂಗ್ ತನ್ನ ದಪ್ಪದ ಐದನೇ ಒಂದು ಪಾಲಿನಷ್ಟು ಅಮುಕಿಕೊಂಡು ಗಾಡಿಯಲ್ಲಿ, ಅಂದರೆ ಅದಕ್ಕೆಂದು ಕೊರೆದ ತೋಡಿನಲ್ಲಿ, ಕೂರುತ್ತದೆ. ಒಳಗಿನ ಒತ್ತಡ ಹೆಚ್ಚಿದಂತೆ ನೀರೇ ಆ ರಿಂಗನ್ನು ಮೂಲೆಗೆ ತಳ್ಳಿ ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಹೈಡ್ರಾಲಿಕ್ ಯಂತ್ರಗಳಲ್ಲಿ ಅಷ್ಟು ಸಣ್ಣ ರಬ್ಬರು ಅಷ್ಟು ದೊಡ್ಡ ಒತ್ತಡ ತಡೆಯುವುದು ಹೀಗೆ. ಅಕ್ವೇರಿಯಂ ಫಿಲ್ಟರಿನಲ್ಲಿ ಆ ಸಹಾಯ ಇಲ್ಲ. ತೊಟ್ಟಿಯ ನೀರಿನ ಮಟ್ಟ ಡಬ್ಬಿಗಿಂತ ಒಂದು ಮೀಟರು ಮೇಲಿದ್ದರೆ ಒಳಗಿನ ಒತ್ತಡ ಸುಮಾರು 0.1 ಬಾರ್ ಮಾತ್ರ. ಅಷ್ಟರಲ್ಲಿ ನೀರು ರಿಂಗನ್ನು ತಳ್ಳಿ ಕೂರಿಸಲಾರದು. ಆದ್ದರಿಂದ ಇಲ್ಲಿ ಕೆಲಸ ಮಾಡುವುದು ರಿಂಗಿನ ಮೆದುತನ ಮತ್ತು ಅದು ಕೂರುವ ಜಾಗದ ಸ್ವಚ್ಛತೆ. ಒಂದು ಮರಳಿನ ಕಣ, ಒಂದು ಕೂದಲು, ಒಂದು ಪಾಚಿಯ ಎಳೆ ಸಾಕು.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಹಬ್ಬದ ಮುನ್ನಾ ದಿನ ಫಿಲ್ಟರ್ ತೊಳೆದು, ರಿಂಗ್ ಒರೆಸದೆ ಮುಚ್ಚಿ ಮಲಗಿದೆ. ಬೆಳಗ್ಗೆ ಪುಸ್ತಕದ ಕಪಾಟಿನ ಕೆಳಸಾಲು ಒದ್ದೆಯಾಗಿತ್ತು. ಬಿಚ್ಚಿ ನೋಡಿದರೆ ರಿಂಗಿನ ಮೇಲೆ ಎಳ್ಳುಕಾಳಿನಷ್ಟು ದೊಡ್ಡ ಒಂದು ಸುಣ್ಣದ ಹರಳು.

ಸುಣ್ಣದ ಮಾತು ಬಂತಲ್ಲ. ಕಲಾದಗಿ ಶಿಲಾವಲಯದ ಸುಣ್ಣಕಲ್ಲು ಲೋಕಾಪುರದ ಸುತ್ತ ನೆಲದಡಿ ಹಾಸಿಕೊಂಡಿದೆ. ಮುಧೋಳ ತಾಲ್ಲೂಕಿನಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಆ ಕಲ್ಲಿನ ಆಸೆಗೆ. ಸಿಮೆಂಟಾಗುವ ಅದೇ ಸುಣ್ಣ ಬೋರ್‌ವೆಲ್ ನೀರಿನಲ್ಲಿ ಕರಗಿ ಮನೆಗೆ ಬರುತ್ತದೆ, ನೀರು ಆರಿದ ಕಡೆ ಬಿಳಿ ಹೊಪ್ಪಳೆಯಾಗಿ ಉಳಿಯುತ್ತದೆ. ಕೃಷ್ಣಾ, ಘಟಪ್ರಭಾ ನೀರಾವರಿಯ ಎರೆಭೂಮಿಯಲ್ಲಿ ಉಪ್ಪು ಮೇಲೇಳುವ ಸವಳು-ಜವಳು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಲದಲ್ಲಿ ಆದದ್ದೇ ರಿಂಗಿನ ಗಾಡಿಯಲ್ಲೂ ಆಗುತ್ತದೆ: ಮೊದಲು ನೀರು ಸೂಕ್ಷ್ಮವಾಗಿ ಒಸರುತ್ತದೆ, ಒಸರಿದ್ದು ಆರುತ್ತದೆ, ಆರಿದ ಕಡೆ ಹರಳು ಕಟ್ಟುತ್ತದೆ, ಹರಳು ರಿಂಗನ್ನು ಎತ್ತುತ್ತದೆ, ಇನ್ನಷ್ಟು ಒಸರುತ್ತದೆ. ಆದರೆ ಈ ಬಿಳಿ ಹೊಪ್ಪಳೆ ಶತ್ರುವಷ್ಟೇ ಅಲ್ಲ, ಚಾಡಿಕೋರನೂ ಹೌದು. ಬೇಸಿಗೆಯಲ್ಲಿ ಹನಿ ಕಾಣುವ ಮೊದಲೇ ಆರಿಹೋಗುತ್ತದೆ, ಬಿಳಿಗೆರೆ ಮಾತ್ರ ಎಲ್ಲಿಂದ ಬಂತೆಂದು ತೋರಿಸುತ್ತದೆ. ಒಣಗಿದ ಡಬ್ಬಿಯ ಮೇಲೆ ಟಾರ್ಚು ಬಿಟ್ಟು ಆ ಗೆರೆಯ ತುದಿ ಹುಡುಕಿದರೆ ಅರ್ಧ ರಿಪೇರಿ ಆದಂತೆ. ಬಿಳಿಗೆರೆ ಇಲ್ಲದಿದ್ದರೆ ಕೀಲುಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಒದ್ದೆಯಾದ ಕಡೆ ಪುಡಿ ಕಪ್ಪಾಗುತ್ತದೆ.

ಹೊಪ್ಪಳೆ ತೆಗೆಯಲು ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಬೇಕು, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಚಾಕುವಿನಿಂದ ಕೆರೆಯುವವರನ್ನು ಕಂಡಿದ್ದೇನೆ. ಕೆರೆದ ಗೀರೇ ಮುಂದಿನ ಸೋರಿಕೆಯ ಕಾಲುವೆ.

ಈ ಭಾಗದವರಿಗೆ ಸೀಲು ಎಂದರೇನೆಂದು ಪಾಠ ಹೇಳುವುದೇ ಉದ್ಧಟತನ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಆ ಕೆಲಸದ ಮುಂದಾಳು ಸಿದ್ದು ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಆದದ್ದು ಆಗಲೇ. ಮಳೆಗಾಲ ಕಳೆದ ಮೇಲೆ ಗೇಟು ಇಳಿಸಿ ನೀರು ನಿಲ್ಲಿಸುವ ಬಾಂದಾರಗಳಲ್ಲಿ ಎಲ್ಲ ಹೋರಾಟವೂ ಗೇಟಿಗೂ ಕಂಬಕ್ಕೂ ನಡುವಿನ ಸಂದಿನದು. ಹಳೆಯ ಕೊಲ್ಹಾಪುರ ಮಾದರಿಯ ಬಾಂದಾರಗಳಲ್ಲಿ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ಜಡಿಯುತ್ತಿದ್ದರು. ಆಮೇಲೆ ಉಕ್ಕಿನ ಗೇಟು, ರಬ್ಬರ್ ಸೀಲು ಬಂದವು. ಹಲಗೆ ಕೂರುವ ಗಾಡಿಯಲ್ಲಿ ಒಂದು ಕಲ್ಲು ಉಳಿದರೆ ಎಷ್ಟು ನೀರು ಹೋಗುತ್ತದೆ ಎಂದು ಹೊಳೆದಂಡೆಯ ರೈತನಿಗೆ ಗೊತ್ತು. ಅದೇ ರೈತ ಮನೆಯ ಫಿಲ್ಟರ್ ಸೋರಿದಾಗ ಗಾಡಿ ಒರೆಸುವುದನ್ನು ಬಿಟ್ಟು ಕ್ಲಿಪ್ಪು ಒತ್ತುತ್ತಾನೆ.

ರಿಂಗ್ ಒರೆಸಿಯೂ ಸೋರಿದರೆ ಏನು ಮಾಡಬೇಕು ಎಂಬುದರಲ್ಲಿ ಪಂಥಗಳಿವೆ. ರಿಂಗನ್ನು ಬಿಸಿನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ ಎನ್ನುವವರು ಒಂದು ಪಂಥ. ಅದು ಒಂದೆರಡು ವಾರ ನಡೆಯುತ್ತದೆ. ತಿರುವಿ ಹಾಕಿದರೆ ಸವೆಯದ ಮಗ್ಗುಲು ಕೆಲಸ ಮಾಡುತ್ತದೆ ಎನ್ನುವವರು ಇನ್ನೊಂದು, ಇದೂ ತಾತ್ಕಾಲಿಕ. ರಿಂಗಿನ ಕೆಳಗೆ ಟೆಫ್ಲಾನ್ ಟೇಪು ಸುತ್ತುವವರದು ಮಾತ್ರ ಶುದ್ಧ ತಪ್ಪು, ಟೇಪು ಇರುವುದು ತಿರುಪಿನ ಮರೆಯ ಕೀಲಿಗೆ, ರಿಂಗಿಗಲ್ಲ. ದೊಡ್ಡ ಜಗಳ ವ್ಯಾಸಲಿನ್ನಿನದು. ಹಚ್ಚಿದರೆ ತಕ್ಷಣ ಸೋರಿಕೆ ನಿಲ್ಲುತ್ತದೆ, ಅದಕ್ಕೇ ಜನ ನಂಬುತ್ತಾರೆ. ರಿಂಗ್ ನೈಟ್ರೈಲ್ ರಬ್ಬರಿನದಾದರೆ ತೊಂದರೆ ಇಲ್ಲ. ಇ.ಪಿ.ಡಿ.ಎಂ. ಅಥವಾ ಸಹಜ ರಬ್ಬರಿನದಾದರೆ ಪೆಟ್ರೋಲಿಯಂ ಜೆಲ್ಲಿ ಹೀರಿಕೊಂಡು ಉಬ್ಬಿ, ಸೊರಗಿ, ಕೆಡುತ್ತದೆ. ಎಲ್ಲವೂ ಕರ್ರಗೆ ಒಂದೇ ಥರ ಕಾಣುತ್ತವೆ, ಕಣ್ಣಿನಲ್ಲಿ ಗುರುತಿಸಲಾಗುವುದಿಲ್ಲ. ಆದ್ದರಿಂದ ಸಿಲಿಕೋನ್ ಗ್ರೀಸ್ ಹಚ್ಚುವುದೇ ಸರಿ. ರಿಂಗೇ ಸಿಲಿಕೋನಿನದಾಗಿದ್ದರೆ ಮಾತ್ರ ಅದೂ ಬೇಡ. ಹಚ್ಚುವುದು ಎಂದರೆ ರೊಟ್ಟಿಗೆ ಬೆಣ್ಣೆ ಬಳಿದಂತಲ್ಲ, ರಬ್ಬರು ಮಿನುಗುವಷ್ಟು ತೆಳ್ಳಗೆ. ಚಪ್ಪಟೆಯಾದ, ಬೆರಳಿನಲ್ಲಿ ಬಾಗಿಸಿದರೆ ಸಣ್ಣ ಸೀಳು ಕಾಣುವ ರಿಂಗಿಗೆ ಯಾವ ಎಣ್ಣೆಯೂ ಜೀವ ಕೊಡುವುದಿಲ್ಲ. ಬದಲಿಸಬೇಕು.

ಪೈಪು ಡಬ್ಬಿಗೆ ಸೇರುವ ವಾಲ್ವಿನೊಳಗೆ ಇನ್ನೂ ಒಂದೆರಡು ಸಣ್ಣ ರಿಂಗುಗಳು ಅಡಗಿರುತ್ತವೆ. ದೊಡ್ಡ ರಿಂಗ್ ಬದಲಿಸಿಯೂ ತಲೆಯ ಮೇಲೆ ನೀರು ನಿಲ್ಲುತ್ತಿದ್ದರೆ ಕಳ್ಳ ಇವನೇ. ಪ್ಲಾಸ್ಟಿಕ್ ಪೈಪು ನಮ್ಮ ಬಿಸಿಲಿನಲ್ಲಿ ಎರಡು ಮೂರು ವರ್ಷಕ್ಕೆ ಕಲ್ಲಾಗುತ್ತದೆ. ತುದಿಯನ್ನು ಎರಡು ಸೆಂಟಿಮೀಟರ್ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮತ್ತೆ ಏರಿಸಿದರೆ ಹೊಸದರಂತೆ ಹಿಡಿಯುತ್ತದೆ.

ದೊಡ್ಡ ತೊಟ್ಟಿ ಇಟ್ಟವರು ಕೆಳಗೆ ಸಂಪ್, ಅಂದರೆ ನೀರು ಇಳಿದು ಶೋಧವಾಗುವ ಎರಡನೇ ತೊಟ್ಟಿ, ಮಾಡಿಕೊಳ್ಳುತ್ತಾರೆ. ಅಲ್ಲಿ ರಿಂಗಿಗಿಂತ ಲೆಕ್ಕ ಮುಖ್ಯ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 5.5 ಲೀಟರ್. ಮೇಲಕ್ಕೆ ನೀರು ಬಿಡುವ ಪೈಪಿನ ಬಾಯಿ ಐದು ಸೆಂಟಿಮೀಟರ್ ಮುಳುಗಿದ್ದರೆ ಕರೆಂಟು ಹೋದಾಗ ಹೆಚ್ಚುಕಡಿಮೆ 28 ಲೀಟರ್ ಹಿಂದಕ್ಕೆ ಇಳಿದು ಬರುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇಲ್ಲದಿದ್ದರೆ ಅದು ಸೋರುವುದಿಲ್ಲ, ಉಕ್ಕುತ್ತದೆ. ನೀರಿನ ಮಟ್ಟಕ್ಕೆ ಸರಿಯಾಗಿ ಆ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆದರೆ ಗಾಳಿ ಒಳನುಗ್ಗಿ ಸೈಫನ್ ಮುರಿಯುತ್ತದೆ. ಪುಕ್ಕಟೆ ಉಪಾಯ. ಆದರೆ ಆ ತೂತನ್ನೂ ಸುಣ್ಣ ಮುಚ್ಚುತ್ತದೆ, ವಾರಕ್ಕೊಮ್ಮೆ ಸೂಜಿ ಆಡಿಸಬೇಕು. ತೊಟ್ಟಿಗೆ ತೂತು ಕೊರೆದು ಟ್ಯಾಂಕ್ ನಿಪ್ಪಲ್ ಹಾಕಿದ್ದರೆ ವಾಷರು ನಟ್ಟಿನ ಕಡೆಗಲ್ಲ, ತಲೆಯ ಕಡೆಗೆ ಇರಬೇಕು. ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು, ಅಷ್ಟೇ. ಪಾನಾ ಹಿಡಿದು ಜೋರು ಮಾಡಿದರೆ ಪ್ಲಾಸ್ಟಿಕ್ಕು ಅಂದು ಸೀಳುವುದಿಲ್ಲ, ತಿಂಗಳು ಬಿಟ್ಟು ಸೀಳುತ್ತದೆ. ಅಷ್ಟರಲ್ಲಿ ನಾವು ತಯಾರಕನನ್ನು ಬೈಯಲು ಸಿದ್ಧರಾಗಿರುತ್ತೇವೆ.

ಬಿರುಕಿಗೆ ಅಂಟು ಹಾಕುವ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಪಿ.ವಿ.ಸಿ. ಪೈಪಿಗೆ ಹಚ್ಚುವ ಸೊಲ್ಯೂಷನ್ ಪಿ.ವಿ.ಸಿ.ಗೆ ಮಾತ್ರ, ಡಬ್ಬಿಯ ಪ್ಲಾಸ್ಟಿಕ್ ಬೇರೆ ಜಾತಿಯದು. ಪಾಲಿಪ್ರೊಪಿಲೀನ್ ಆಗಿದ್ದರೆ ಮನೆಯಲ್ಲಿ ಸಿಗುವ ಯಾವ ಅಂಟೂ ಹಿಡಿಯುವುದಿಲ್ಲ. ಫೆವಿಕ್ವಿಕ್ ಗಟ್ಟಿಯಾಗಿ ಹಿಡಿದಂತೆ ಕಂಡರೂ ಬಾಗುವ ಕಡೆ ಪಟ್ಟೆಂದು ಬಿಡುತ್ತದೆ. ಎಂ-ಸೀಲನ್ನು ಒಣಗಿದ, ಮರಳುಕಾಗದದಿಂದ ಉಜ್ಜಿದ ಹೊರಮೈಗೆ ಹಚ್ಚಿದರೆ ಹೊಸ ಭಾಗ ಬರುವವರೆಗೆ ಕಾಲ ತಳ್ಳಬಹುದು. ಗಾಜಿನ ತೊಟ್ಟಿಗೆ ಹಚ್ಚುವ ಸಿಲಿಕೋನು ಗಾಜಿಗೆ ಒಳ್ಳೆಯದು, ಪ್ಲಾಸ್ಟಿಕ್ಕಿಗೆ ಅಷ್ಟಕ್ಕಷ್ಟೆ. ಅದರಲ್ಲೂ ಬಚ್ಚಲುಮನೆಗೆಂದು ಬೂಷ್ಟು ನಿರೋಧಕ ಬೆರೆಸಿದ ಸಿಲಿಕೋನು ಮೀನಿಗೆ ವಿಷ. ಹಳೆಯ ಸಿಲಿಕೋನಿನ ಮೇಲೆ ಹೊಸದು ಹಿಡಿಯುವುದಿಲ್ಲ, ಹಳೆಯದನ್ನು ಬ್ಲೇಡಿನಿಂದ ಪೂರ್ತಿ ತೆಗೆದು, ಹಚ್ಚಿ, ಹುಳಿವಾಸನೆ ಹೋಗುವ ತನಕ ಒಂದೆರಡು ದಿನ ಕಾಯಬೇಕು. ಮೋಟರಿನ ತಲೆಯೇ ಬಿರಿದಿದ್ದರೆ ಅಂಟಿನ ಮಾತು ಬೇಡವೇ ಬೇಡ. ಅದರೊಳಗೆ ಕರೆಂಟಿದೆ.

ಕರೆಂಟಿನ ಬಗ್ಗೆ ಇಷ್ಟು: ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗು ಕೀಳಬೇಕು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಜೋಲಿಯಂತೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ದರೆ ವೈರಿನ ಮೇಲೆ ಹರಿದ ನೀರು ಆ ಜೋಲಿಯಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದರೆ ತಾನೇ ಆರುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ.ಯನ್ನು ಮನೆಗೆ ಹಾಕಿಸುವ ಖರ್ಚು ಒಳ್ಳೆಯ ಮೀನಿನ ಜೋಡಿಗಿಂತ ಬಹಳ ಹೆಚ್ಚಲ್ಲ.

ರಿಪೇರಿಯ ಗಡಿಬಿಡಿಯಲ್ಲಿ ಜನ ಮರೆಯುವುದು ಫಿಲ್ಟರಿನೊಳಗಿನ ಜೀವವನ್ನು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕಡಿಮೆ ಅಪಾಯದ ನೈಟ್ರೇಟಿಗೆ ಇಳಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲಿ ಮನೆ ಮಾಡಿರುತ್ತವೆ. ಡಬ್ಬಿ ನಿಂತ ಕೆಲವು ಗಂಟೆಗಳಲ್ಲೇ ಆಮ್ಲಜನಕವಿಲ್ಲದೆ ಅವು ಸಾಯತೊಡಗುತ್ತವೆ. ಹೀಗಾಗಿ ರಿಪೇರಿಗೆ ಒಯ್ಯುವಾಗ ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಬಿಟ್ಟು ಒಯ್ಯಬೇಕು. ನಳದ ಕ್ಲೋರಿನ್ ನೀರಿನಲ್ಲಿ ತೊಳೆದರೆ ಸೋರಿಕೆ ನಿಂತು ಮೀನು ಸಾಯುತ್ತದೆ. ರಿಪೇರಿ ಮುಗಿದ ಫಿಲ್ಟರನ್ನು ನೇರ ಕಪಾಟಿಗೆ ಇಡದೆ ಒಂದು ಬುಟ್ಟಿಯಲ್ಲಿ ಒಣ ಸುದ್ದಿಪತ್ರಿಕೆ ಹಾಸಿ, ಅದರ ಮೇಲೆ ಒಂದು ಹಗಲು ಒಂದು ರಾತ್ರಿ ಓಡಿಸಬೇಕು. ನಡುವೆ ಎರಡು ಸಲ ಬೇಕೆಂದೇ ಪ್ಲಗ್ಗು ಕಿತ್ತು ಹಾಕಬೇಕು. ಕರೆಂಟು ಹೋಗಿ ಬಂದ ಮೇಲೂ ಪತ್ರಿಕೆ ಒಣಗಿದ್ದರೆ ಅದು ನಮ್ಮ ಊರಿಗೆ ತಕ್ಕ ರಿಪೇರಿ.

ಇನ್ನು ರಿಂಗ್ ಎಲ್ಲಿ ಸಿಗುತ್ತದೆ? ಮೀನಿನ ಅಂಗಡಿಯಲ್ಲಿ ಕೇಳಿದರೆ, "ರಿಂಗ್ ಒಂದ ಬರಂಗಿಲ್ರಿ, ಹೊಸಾ ಫಿಲ್ಟರ್ರ ತಗೋರಿ" ಎಂಬ ಉತ್ತರವೇ ಹೆಚ್ಚು. ಆ ಮಾತಿಗೆ ಮಣಿಯಬೇಕಿಲ್ಲ. ಕಬ್ಬಿಗೆ ಹನಿ ನೀರಾವರಿ ಹಾಕಿಸಿದ ಈ ಸೀಮೆಯಲ್ಲಿ ಡ್ರಿಪ್ ಸಾಮಾನು ಮಾರುವವರಿದ್ದಾರೆ. ಆ ಡಿಸ್ಕ್ ಫಿಲ್ಟರ್, ಸ್ಕ್ರೀನ್ ಫಿಲ್ಟರುಗಳ ಮುಚ್ಚಳದಲ್ಲೂ ಇದೇ ಥರದ ರಿಂಗು. ಬೇರಿಂಗ್, ಆಯಿಲ್ ಸೀಲ್ ಮಾರುವ ಅಂಗಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಓ-ರಿಂಗ್ ಕೊಡುತ್ತಾರೆ. ಹಳೆಯ ರಿಂಗಿನ ಒಳವ್ಯಾಸ, ದಾರದ ದಪ್ಪ ಎರಡನ್ನೂ ಅಳೆದುಕೊಂಡು ಹೋಗಿ. ಚಪ್ಪಟೆಯಾದ ರಿಂಗಿನ ದಪ್ಪ ಮೋಸ ಮಾಡುತ್ತದೆ, ಗಾಡಿಯ ಆಳವನ್ನೂ ಅಳೆಯಿರಿ. ಕೆಲವು ಕ್ಯಾನಿಸ್ಟರುಗಳ ರಿಂಗ್ ದುಂಡಗಿರದೆ ತುಟಿಯಿರುವ ಆಕಾರದ್ದಾಗಿರುತ್ತದೆ, ಅದಕ್ಕೆ ತಯಾರಕರದೇ ಆಗಬೇಕು. ಫಿಲ್ಟರ್ ಕೊಳ್ಳುವ ದಿನವೇ ಒಂದು ಹೆಚ್ಚಿನ ರಿಂಗ್ ಕೇಳಿ ಪಡೆಯಿರಿ, ಸಿಗದ ಮಾದರಿಯನ್ನು ಕೊಳ್ಳಬೇಡಿ.

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ಒಂದು ದಾರಿ ಇದೆ. ಗಪ್ಪಿ, ಮೋಲಿ ಮೀನುಗಳಿಗೆ ನಮ್ಮ ಸುಣ್ಣದ ಗಡಸು ನೀರು ಒಗ್ಗುತ್ತದೆ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಅವಕ್ಕೆ ಕ್ಯಾನಿಸ್ಟರ್ ಬೇಡ. ಒಂದು ಸ್ಪಂಜ್ ಫಿಲ್ಟರ್, ಒಂದು ಗಾಳಿಯ ಪಂಪು, ತೊಟ್ಟಿಗಿಂತ ಒಂದು ಗೇಣು ಮೇಲೆ ಗೋಡೆಗೆ ಹೊಡೆದ ಒಂದು ಮೊಳೆ ಸಾಕು.